ಬಲಗೈ ಹೆಬ್ಬೆರಳಿನ ಉಗುರು

ಚಿಕ್ಕಮ್ಮ ತನ್ನ ಅಕ್ಕನ ಎಡಗೈಯನ್ನು ಒರೆಸಿ ಹಾಸಿಗೆಯ ಮೇಲಿಟ್ಟು, ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬಿಸಿನೀರು, ಸೋಪು, ಹಳೆಯ ಟೂತ್ ಬ್ರಷ್ಷು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಬಿಡಲಿಲ್ಲ.

“ಹೀಗೇ ಕಳಿಸೋಕಾಗತ್ತಾ? ನಾಲ್ಕು ಜನ ನೋಡ್ತಾರೆ,” ಎಂದಳು. “ಗ್ಯಾರೇಜಿನ ಸಾಮಾನು ತೊಳೆದೂ ತೊಳೆದೂ ಕೈ ಹಾಳುಮಾಡ್ಕೊಂಡ್ಲು ನಿಮ್ಮಮ್ಮ.”

ಮಗಳು ಟವಲ್ ಹಿಡಿದು ಮಂಚದ ಪಕ್ಕ ನಿಂತಿದ್ದಳು.

“ಒಂಬತ್ತು ಉಗುರು ನೀಟಾಗಿ ಕತ್ತರಿಸಿದಾಳೆ. ಈ ಹೆಬ್ಬೆರಳಿಂದನ್ನ ಮಾತ್ರ ಯಾಕೆ ಹೀಗೆ ಉದ್ದಕ್ಕೆ ಬಿಟ್ಟಿದಾಳೆ?”

“ಗೊತ್ತಿಲ್ಲ ಚಿಕ್ಕಮ್ಮ.”

ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಐದನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳು, “ನಿಮ್ಮಮ್ಮಂಗೆ ಗಿಣಿ ಕೊಕ್ಕು ಇದೆ ಕಣೇ,” ಎಂದು ಇಡೀ ತರಗತಿಯನ್ನು ನಗಿಸಿದ್ದಳು. ಅವತ್ತು ಮನೆಗೆ ಬಂದವಳೇ ಅಮ್ಮನ ಎದುರು ನಿಂತು ತನ್ನ ಹತ್ತೂ ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿಕೊಂಡಿದ್ದಳು. ಆ ಅಭ್ಯಾಸ ಈಗಲೂ ಹೋಗಿಲ್ಲ. ಅಮ್ಮ ಏನೂ ಕೇಳಲಿಲ್ಲ. ಆಮೇಲೆ ಶಾಲೆಗೆ ಬಂದಾಗಲೆಲ್ಲ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಬರುತ್ತಿದ್ದಳು.

ಕಿಟಕಿಯಾಚೆ, ಗ್ಯಾರೇಜಿನಲ್ಲಿ, ಅಪ್ಪ ಡಬ್ಬವೊಂದನ್ನು ಬೋರಲು ಹಾಕಿ ಕೂತಿದ್ದ. ಬೆಳಗಿನಿಂದ ಒಳಗೆ ಬಂದಿರಲಿಲ್ಲ. ಎದುರಿಗೆ ಊರ ಶಾಲೆಯ ನಿವೃತ್ತ ಟೀಚರ ಹಳೇ ಕಾರು. ಅದರ ಗೇರ್ ಬಾಕ್ಸಿನ ಅಡಿಯಲ್ಲಿ ಹಾಸಿದ ರಟ್ಟನ್ನೇ ನೋಡುತ್ತಿದ್ದ.

“ಡಾಕ್ಟ್ರು ಪಾಪ, ಕುಸಿದುಹೋಗಿದಾರೆ,” ಎಂದು ಅಂಗಳದಲ್ಲಿ ಯಾರೋ ಅಂದರು. ಹಾಳಾದ ಗೇರ್ ಬಾಕ್ಸುಗಳನ್ನು ಬದುಕಿಸುವ ಅಪ್ಪನಿಗೆ ಊರಿಟ್ಟ ಹೆಸರು ಅದು. “ಮುಟ್ಟಿದ್ರೆ ಸಾಕು, ಕಾಯಿಲೆ ಎಲ್ಲಿದೆ ಅಂತ ಹೇಳಿಬಿಡ್ತಿದ್ರು.”

*

ಟೀಚರ ಕಾರಿನ ಗೇರ್ ಆಯಿಲ್ ಸೋರಲು ಶುರುವಾಗಿ ಎರಡು ತಿಂಗಳಾಗಿತ್ತು. ಅಪ್ಪ ಮೂರು ಸಲ ಎಣ್ಣೆ ತಡೆಯುವ ರಬ್ಬರ್ ಸೀಲ್ ಬದಲಿಸಿದ. ವಾರ ಕಳೆಯುವುದರೊಳಗೆ ಮತ್ತೆ ಹನಿ. “ಡಾಕ್ಟ್ರೇ, ನನಗಿಂತ ಮೊದಲು ಇದನ್ನ ರಿಟೈರ್ ಮಾಡಿಸಬೇಕಿತ್ತು,” ಎಂದು ಟೀಚರು ನಗುತ್ತಲೇ ಹೇಳಿದ್ದು ಅವನಿಗೆ ನಾಟಿತ್ತು.

ಮೊನ್ನೆ ಮಧ್ಯಾಹ್ನ ಅಮ್ಮ, ಸೀಲಿನೊಳಗೆ ತಿರುಗುವ ಉಕ್ಕಿನ ಶಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಅದರುದ್ದಕ್ಕೂ ನಿಧಾನವಾಗಿ ಎಳೆದಳು. ಒಂದು ಕಡೆ ಉಗುರು ತಡೆಯಿತು.

“ಸೀಲ್ ಅಲ್ಲ ರೀ. ಶಾಫ್ಟೇ ಸವೆದಿದೆ. ಇಲ್ಲೊಂದು ಗೆರೆ ಇದೆ, ನೋಡಿ.”

“ಕನ್ನಡಿ ಥರ ಹೊಳೀತಿದೆ, ಯಾವ ಗೆರೆ?”

“ಕಣ್ಣಿಗೆ ಕಾಣಲ್ಲ.”

“ಮೂರು ಸಲ ಬಿಚ್ಚಿದೋನು ನಾನು. ಪಾತ್ರೆ ಉಜ್ಜೋ ಉಗುರು ನನಗೆ ಪಾಠ ಹೇಳೋದು ಬೇಡ.”

ಅಮ್ಮ ಶಾಫ್ಟನ್ನು ಬಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಿನ್ನೆ ಬೆಳಿಗ್ಗೆ ಅವನು ಅದೇ ಶಾಫ್ಟನ್ನು ಹೊಸ ಸೀಲಿನೊಂದಿಗೆ ಜೋಡಿಸಿ, ಆಯಿಲ್ ತುಂಬಿಸಿದ. ಸಂಜೆ ನಾಲ್ಕಕ್ಕೆ ಅಮ್ಮ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಕೆಳಗೆ ಕೂತವಳು ಏಳಲಿಲ್ಲ.

*

“ಕತ್ತರಿಸಿಬಿಡ್ತೀನಿ,” ಎಂದು ಚಿಕ್ಕಮ್ಮ ನೇಲ್ ಕಟ್ಟರನ್ನು ಆ ಉಗುರಿನ ಅಂಚಿಗೆ ಹಿಡಿದಳು.

“ಮುಟ್ಟಬೇಡ!”

ಅಪ್ಪ ಬಾಗಿಲಲ್ಲಿದ್ದ. ಕೈತುಂಬ ಎಣ್ಣೆ. ಅವನನ್ನು ಮಾತಾಡಿಸಲು ಬಂದಿದ್ದ ಟೀಚರು ಹಿಂದೆಯೇ ನಿಂತಿದ್ದರು.

“ಭಾವ, ಚೆನ್ನಾಗಿ ಕಾಣಲಿ ಅಂತ...”

“ಅದು ಹಾಗೇ ಇರಲಿ.” ಅವನು ಟೀಚರ ಕಡೆ ತಿರುಗಿದ. “ನಿಮ್ಮ ಕಾರು ಮತ್ತೆ ಸೋರ್ತಿದೆ ಟೀಚರ್.”

“ಅಯ್ಯೋ, ಇವತ್ತು ಕಾರಿನ ಮಾತು ಯಾಕೆ?”

“ಇವತ್ತೇ ಹೇಳಬೇಕು. ಶಾಫ್ಟ್ ಸವೆದಿದೆ ಅಂತ ಮೊನ್ನೆಯೇ ಹೇಳಿದ್ಲು. ನಾನು ಬೈದೆ.” ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡ. “ಇಷ್ಟು ವರ್ಷ ನೀವೆಲ್ಲ ಡಾಕ್ಟ್ರು, ಡಾಕ್ಟ್ರು ಅಂತ ಕರೆದದ್ದು ಆ ಉಗುರನ್ನ. ಒಳಗೆ ಬಂದು ಅವಳಿಗೆ ತೋರಿಸ್ತಿದ್ದೆ. ಹೊರಗೆ ಹೋಗಿ ನಾನು ಹೇಳ್ತಿದ್ದೆ.”

ಚಿಕ್ಕಮ್ಮ ಕಟ್ಟರನ್ನು ಮಡಚಿದಳು. ಟೀಚರು ಮಂಚದ ಹತ್ತಿರ ಬಂದು, ಕಪ್ಪು ಬಿಡದ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು.

*

ಮಣ್ಣು ಮಾಡಿ ಬಂದು, ಜನರೆಲ್ಲ ಚದುರಿದ ಮೇಲೂ ಹೊತ್ತು ಮುಳುಗಿರಲಿಲ್ಲ. ಗ್ಯಾರೇಜಿನಲ್ಲಿ ಸ್ಪ್ಯಾನರಿನ ಸದ್ದು ಕೇಳಿ ಮಗಳು ಹೋಗಿ ನೋಡಿದಳು. ಅಪ್ಪ ಆಯಿಲ್ ಇಳಿಸಿ, ಶಾಫ್ಟನ್ನು ಹೊರಗೆಳೆದು, ಅಮ್ಮ ಮೊನ್ನೆ ಅದನ್ನಿಟ್ಟಿದ್ದ ಬಟ್ಟೆಯ ಮೇಲೆಯೇ ಇಟ್ಟಿದ್ದ. ಕಣ್ಣು ಮುಚ್ಚಿ ಅದರ ಮೇಲೆ ಹೆಬ್ಬೆರಳು ಎಳೆಯುತ್ತಿದ್ದ. ಕೆಲಸದಲ್ಲಿ ಸವೆದು, ಒಡೆದು, ಅವನ ಬೆರಳಲ್ಲಿ ಉಗುರೆಂಬುದೇ ಉಳಿದಿರಲಿಲ್ಲ.

“ಎಲ್ಲಿ ಅಂತ ಅವಳು ತೋರಿಸಿದ್ಲು. ನಾನು ನೋಡಲೇ ಇಲ್ಲ,” ಎಂದ. ಶಾಫ್ಟನ್ನು ಮಗಳ ಕಡೆ ಚಾಚಿದ. “ನೀನು ನೋಡಮ್ಮ. ನಿನಗಾದ್ರೂ ಸಿಗತ್ತೇನೋ.”

ಅವಳು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿದಳು. ಬೋಳು ಬೆರಳಿನ ಕೆಳಗೆ ತಣ್ಣನೆಯ ಉಕ್ಕು ನುಣ್ಣಗೆ ಜಾರಿತು. ಇನ್ನೊಮ್ಮೆ ಎಳೆದಳು. ಎಲ್ಲೂ ತಡೆಯಲಿಲ್ಲ.

“ಸಿಗ್ತಾ?”

ಗೇರ್ ಬಾಕ್ಸಿನಿಂದ ಕೊನೆಯ ಎಣ್ಣೆ ಬಕೆಟ್ಟಿಗೆ ಹನಿಯುತ್ತಿತ್ತು. ಅವಳು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.