ಗುರುಲಿಂಗಪ್ಪನ ಮೂಗಿಗೆ ಬಿಟ್ಟ ಎಣ್ಣೆ

ಗುರುಲಿಂಗಪ್ಪನ ಭುಜ ಬಿಗಿದುಕೊಂಡು, ಬಲಗೈ ಎಂಟು ತಿಂಗಳು ಎದೆಮಟ್ಟ ದಾಟಲಿಲ್ಲ. ತಲೆ ಬಾಚಬೇಕಾದರೆ ಬಾಚಣಿಗೆಯನ್ನು ಬಾಗಿಲ ಚೌಕಟ್ಟಿಗೆ ಕಟ್ಟಿ, ಅದರ ಕೆಳಗೆ ಹಾದುಹೋಗುತ್ತಿದ್ದ. ಕಲಬುರಗಿಯ ಗಾಜಿಪುರದ ಅವನ ಮನೆಯಲ್ಲಿ ಆ ಬಾಗಿಲು ಇನ್ನೂ ಇದೆ, ಬೇಕಾದವರು ನೋಡಬಹುದು.

ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಅವನದು ಸೀರೆ ಅಂಗಡಿ. ಸೀರೆ ಬಿಚ್ಚಿ ತೋರಿಸಲು ಕೈ ಬಾರದೆ ಹೋದಾಗ ಅವನ ಗಾದಿಯಲ್ಲಿ ಹೆಂಡತಿ ಶಾರದಾಬಾಯಿ ಕುಳಿತಳು. ಈ ಬಣ್ಣ ನಿಮಗೆ ಒಪ್ಪುವುದಿಲ್ಲ ಎಂದು ಗಿರಾಕಿಗಳ ಮುಖಕ್ಕೇ ಹೇಳಿದಳು. ಅಂಗಡಿಯಲ್ಲಿ ಅಂಥ ಮಾತು ಕೇಳಿರದ ಹೆಂಗಸರು ಹುಮನಾಬಾದಿನಿಂದಲೂ ಬೈಸಿಕೊಳ್ಳಲು ಬಂದರು. ಕೈ ನೆಟ್ಟಗಾದ ದಿನವೇ ಗಾದಿ ವಾಪಸು ಎಂದು ಗುರುಲಿಂಗಪ್ಪ ಹೇಳುತ್ತಲೇ ಇದ್ದ. ಆಕೆಗೆ ಬಿಡುವ ಮನಸ್ಸಿರಲಿಲ್ಲ. ಹಾಗೆಂದು ಹೇಳಹೋದರೆ ಅವನ ಸಿಟ್ಟಿಗೆ ಫ್ಯಾನು ಹಿಂದುಮುಂದಾಗಿ ತಿರುಗುತ್ತಿತ್ತು.

ಕಮಲಾಪುರದಲ್ಲಿ ಅಲ್ಫಿಯಾ ಎಂಬ ಆಯುರ್ವೇದದ ಡಾಕ್ಟರು ಏಳು ದಿನ ನಸ್ಯ ಮಾಡಬೇಕೆಂದರು. ಮುಖ, ಕುತ್ತಿಗೆ, ಭುಜಕ್ಕೆ ಎಣ್ಣೆ ತಿಕ್ಕಿ, ಹಬೆ ಕೊಟ್ಟು, ತಲೆ ಹಿಂದಕ್ಕೆ ಬಾಗಿಸಿ ಮಲಗಿಸಿ, ಎರಡೂ ಹೊಳ್ಳೆಗೆ ಬೆಚ್ಚನೆಯ ಔಷಧಿ ಎಣ್ಣೆಯ ಹನಿ. ಆಮೇಲೆ ಅವರು ನೂರು ಎಣಿಸುವ ತನಕ ಮಾತಿಲ್ಲ, ನಗು ಇಲ್ಲ, ಸಿಟ್ಟಂತೂ ಇಲ್ಲವೇ ಇಲ್ಲ.

ಗಂಡಹೆಂಡತಿ ಮುಂಜಾನೆ ಬಸ್ಸಿಗೆ ಹೋಗಿ, ಅಂಗಡಿ ತೆರೆಯುವ ಹೊತ್ತಿಗೆ ಮರಳುತ್ತಿದ್ದರು. ಆರು ದಿನ ಶಾರದಾಬಾಯಿ ಆ ಎಣಿಕೆಯನ್ನು ಸುಮ್ಮನೆ ಕೇಳಿದಳು. ಏಳನೆಯ ದಿನ ಪಕ್ಕದ ಅಂಗಡಿಯವನಾದ ನನ್ನನ್ನೂ ಕರೆದುಕೊಂಡು ಹೋದಳು. ಡಾಕ್ಟರು ಇಪ್ಪತ್ತು ದಾಟುತ್ತಲೇ ಗಂಡನ ತಲೆಯ ಬಳಿ ಸ್ಟೂಲು ಎಳೆದುಕೊಂಡಳು.

"ನೋಡ್ರಿ, ನಿಮ್ಮ ಕೈ ನೆಟ್ಟಗ ಆದ್ರೂ ಗಾದಿ ಮ್ಯಾಲಿಂದ ನಾ ಏಳಂಗಿಲ್ಲ."

ಗುರುಲಿಂಗಪ್ಪನ ಕಣ್ಣು ಅಗಲವಾದವು. ಮೂಗಿನಲ್ಲಿ ಗುಳುಗುಳು ಸದ್ದಾಯಿತು.

"ಸಾವ್ಕಾರ್ರ, ಸಿಟ್ಟಿಗಿ ಬಂದ್ರ ಏಳೂ ದಿನದ್ದು ಬರ್ಬಾದ ಆಗ್ತದ," ಎಂದ ಡಾಕ್ಟರು, ಮೂವತ್ತೊಂದು ಎಂದರು.

ಶಾರದಾಬಾಯಿ ಅವಸರ ಮಾಡಲಿಲ್ಲ. ತನ್ನಿಂದ ಬಂದ ಹೊಸ ಗಿರಾಕಿಗಳನ್ನು ಊರುಗಳ ಹೆಸರು ಹಿಡಿದು ಹೇಳಿದಳು. ಅರವತ್ತಕ್ಕೆ ಅವನ ಕಿವಿ ಕೆಂಪಾದವು. ಎಂಬತ್ತಕ್ಕೆ ಮೂಗಿನಲ್ಲೇ ಎಣ್ಣೆ ಕುದಿಯಿತು. ವಾಸನೆ ನನಗೂ ಬಂತು.

"ಬ್ಯಾಡ ಅನ್ನೋದಿದ್ರ ಈಗ ಅನ್ರಿ," ಎಂದಳು. ತೊಂಬತ್ತೊಂದು.

ಅನ್ನಲಾಗದ ಗುರುಲಿಂಗಪ್ಪ ಬೇಡವೆಂದು ಕೈ ಎತ್ತಿದ. ಬಲಗೈ. ಅದು ಎದೆ ದಾಟಿತು, ಕಿವಿ ದಾಟಿತು, ಮೇಲಿನ ಟ್ಯೂಬ್‌ಲೈಟಿನ ಧೂಳು ಒರೆಸಿತು.

"ಕೈ ಎತ್ತಿ ಒಪ್ಪ್ಯಾರ," ಎಂದಳು ಶಾರದಾಬಾಯಿ. "ನೀವೂ ನೋಡೀರಲ್ರೀ, ಅಣ್ಣಾರ?"

ನಾನು ನೋಡಿದ್ದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಸಂತೋಷದಲ್ಲಿ ಎಣಿಕೆ ಮರೆತ ಡಾಕ್ಟರು ಮತ್ತೆ ಒಂದರಿಂದ ಶುರು ಮಾಡಿದರು. ಅವರು ನೂರು ಮುಟ್ಟುವಷ್ಟರಲ್ಲಿ ಶಾರದಾಬಾಯಿ ಬಸ್ಸು ಹಿಡಿದು ಕಲಬುರಗಿಗೆ ಬಂದು ಅಂಗಡಿ ತೆರೆದಿದ್ದಳು.

ಈಗ ಗುರುಲಿಂಗಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕೈ ಎತ್ತಿ ಗಿರಾಕಿಗಳನ್ನು ಕರೆಯುತ್ತಾನೆ. ಮೊನ್ನೆ ಆ ಕೈ ಕಂಡು ಬೀದರಿಗೆ ಹೊರಟಿದ್ದ ಬಸ್ಸೊಂದು ದಾರಿ ಬಿಟ್ಟು ಬಂದು ನಿಂತಿತು. ಹನ್ನೊಂದು ಹೆಂಗಸರು ಇಳಿದು ಒಳಗೆ ಹೋದರು. ಗುರುಲಿಂಗಪ್ಪ ಅವರಿಗೆ ನೀರು ಕೊಟ್ಟ.