ತೋಳಿನ ಬಿಲ್ಲೆ

"ಇದೇ ಸ್ವಾಮಿ ನಮ್ಮ ಪುರಾವೆ," ಎಂದು ಟಾಮಸಿನ್ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟಳು. ಬಿಚ್ಚುವ ಕೆಲಸವನ್ನು ಅಧಿಕಾರಿಗೇ ಬಿಟ್ಟಳು.

ಯಾರು ನಿಜವಾದ ಕುಲೀನರು, ಯಾರು ವೇಷ ಹಾಕಿದವರು ಎಂದು ಜರಡಿ ಹಿಡಿಯಲು ಅರಸನ ಅಪ್ಪಣೆ ಹಿಡಿದು ಲಂಡನ್ನಿನಿಂದ ಬಂದವನು ಆತ. ತಂಗುಮನೆಯ ಮಹಡಿಯಲ್ಲಿ ಕಚೇರಿ ಹೂಡಿದ್ದ. ನಿನ್ನೆ ಚರ್ಚಿಗೆ ಹೋದವನು ಟಾಮಸಿನ್ನಳ ಗಂಡ ಗ್ರೆಗರಿ ಬಜೆಲನ ಸಮಾಧಿಯೆದುರು ನಿಂತುಬಿಟ್ಟಿದ್ದ. ಕಲ್ಲಿನಲ್ಲಿ ಕೆತ್ತಿದ ಗುರಾಣಿ, ಗುರಾಣಿಯ ಮೇಲೆ ಒಂಟಿಕಾಲ ಕೊಕ್ಕರೆ, ಅದರ ಕೊಕ್ಕಿನಲ್ಲೊಂದು ಉಂಗುರ. ಚರ್ಮ ಹದಮಾಡಿ ಸಿರಿವಂತನಾದವನಿಗೆ ವಂಶಲಾಂಛನ ಎಲ್ಲಿಂದ ಬಂತು ಎಂದು ಕೇಳಿ, ಅವಳಿಗೆ ಕರೆ ಕಳಿಸಿದ್ದ.

ಕಿಟಕಿಯ ಬಳಿ ಕಾರ್ವಿದನ್ ಸಾಹೇಬರು ತಮ್ಮ ಸರದಿಗಾಗಿ ಕೂತಿದ್ದರು. ಏಳು ತಲೆಮಾರಿನ ಮನೆತನ. ಅವರ ಕಿರಿಮಗನಿಗೂ ಟಾಮಸಿನ್ನಳ ಮಗಳು ಸಿಡ್ವೆಲ್‌ಗೂ ಮದುವೆ ಗೊತ್ತಾಗಿತ್ತು. ಬರುವ ಭಾನುವಾರ ಚರ್ಚಿನಲ್ಲಿ ಅದನ್ನು ಸಾರಬೇಕಿತ್ತು. ಆ ಕೊಕ್ಕರೆ ಇಲ್ಲದಿದ್ದರೆ ಅವರು ಚರ್ಮದ ಮಂಡಿಯವರ ಹೊಸಿಲು ತುಳಿಯುತ್ತಿದ್ದರೇ? ಟಾಮಸಿನ್ ಒಳಗೆ ಬಂದಾಗ ಅವರು ಎದ್ದು ಟೋಪಿ ತೆಗೆದಿದ್ದರು. ಅಷ್ಟಕ್ಕೇ ಅವಳಿಗೆ ಹೋದ ಜೀವ ಬಂದಂತಾಗಿತ್ತು.

ಗಂಟಿನಿಂದ ಅಂಗೈಯಗಲದ ಬೆಳ್ಳಿ ಬಿಲ್ಲೆ ಹೊರಬಂತು. ಅದೇ ಕೊಕ್ಕರೆ, ಅದೇ ಉಂಗುರ. ಅಂಚಿನಲ್ಲಿ ದಾರ ಪೋಣಿಸುವ ತೂತುಗಳು.

"ಯಾರದಮ್ಮ ಇದು?" ಅಧಿಕಾರಿಯ ದನಿ ಮೆತ್ತಗಾಗಿತ್ತು.

"ನಮ್ಮ ಮಾವಂದು ಸ್ವಾಮಿ, ಜಾಸ್ಪರ್ ಬಜೆಲ್ ಅಂತ. ನಮ್ಮ ಯಜಮಾನ್ರು ಕೈಗೂಸಾಗಿದ್ದಾಗಲೇ ತೀರ್ಕೊಂಡ್ರಂತೆ. ಇದೊಂದೇ ಉಳಿದಿದ್ದು. ನೀಲಿ ಕೋಟಿನ ಎಡತೋಳಿಗೆ ಹಾಕ್ಕೊತಿದ್ರಂತೆ." ಹೆಮ್ಮೆಯಿಂದಲೇ ಹೇಳಿದಳು ಪಾಪ.

"ನೀಲಿ ಕೋಟು," ಎಂದ ಅಧಿಕಾರಿ. ಬಿಲ್ಲೆಯನ್ನು ಮಗುಚಿ ನೋಡಿದ. "ಯಜಮಾನ ಯಾವನೂ ಲಾಂಛನಾನ ತನ್ನ ತೋಳಿಗೆ ಹೊಲಿಸ್ಕೊಳ್ಳೋದಿಲ್ಲಮ್ಮ. ಆಳುಗಳಿಗೆ ನೀಲಿ ಕೋಟು ಹಾಕ್ಸಿ, ಅವರ ತೋಳಿಗೆ ಹೊಲಿಸ್ತಾನೆ. ಇದು ಟ್ರೆಸ್ಕಾರ್ನ್ ಪ್ರಭುಗಳ ಕೊಕ್ಕರೆ. ನಿಮ್ಮ ಮಾವ ಆ ಮನೇಲಿ ಊಟ ಬಡಿಸ್ತಿದ್ದಿರಬೇಕು."

ಕಿಟಕಿಯ ಕಡೆಯಿಂದ ನಗು ಕೇಳಿಸಿತು. "ಒಳ್ಳೆ ಆಳೇ ಇದ್ದಿರಬೇಕು ಬಿಡಿ. ಬೆಳ್ಳಿದೇ ಕೊಟ್ಟಿದಾರೆ!"

ಟಾಮಸಿನ್ನಳ ಮುಖಕ್ಕೆ ರಕ್ತ ನುಗ್ಗಿತು. ಗ್ರೆಗರಿ ಸುಳ್ಳುಗಾರನಲ್ಲ. ತಂದೆಯ ಮುಖ ಕಾಣದವನು ಆ ಬಿಲ್ಲೆಯಲ್ಲೇ ತಂದೆಯನ್ನು ಕಂಡಿದ್ದ. ಅದನ್ನು ಈಗ ಯಾರಿಗೆ ಹೇಳುವುದು?

"ಎರಡೇ ದಾರಿ," ಎಂದ ಅಧಿಕಾರಿ. "ಲಂಡನ್ನಿಗೆ ಬಂದು ವಾದ ಮಾಡು. ಈ ಬಿಲ್ಲೆ ನಿನ್ನ ವಿರುದ್ಧವೇ ಸಾಕ್ಷಿ ಹೇಳುತ್ತೆ. ಇಲ್ಲ, ನಾವು ಕುಲೀನರಲ್ಲ ಅಂತ ಈ ಕಾಗದದ ಮೇಲೆ ಗುರುತು ಹಾಕು. ಇವತ್ತೇ ಸಂತೇಲಿ ಸಾರಿಸಿಬಿಡ್ತೀವಿ."

"ಸಾರೋದೊಂದು ಬಿಟ್ಬಿಡಿ ಸ್ವಾಮಿ! ಕಲ್ಲನ್ನ ನಾನೇ ನಿಂತು ಒಡೆಸ್ತೀನಿ."

"ನಿನ್ನೊಬ್ಬಳನ್ನ ಬಿಟ್ರೆ ನಾಳೆ ಊರಿನ ಗೋಡೆಗೊಂದು ಕೊಕ್ಕರೆ ಕೂರುತ್ತೆ."

ಅವಳು ಕಿಟಕಿಯ ಕಡೆ ತಿರುಗಿದಳು. "ನೀವಾದ್ರೂ ಒಂದು ಮಾತು ಹೇಳಿ ಸಾಹೇಬ್ರೇ. ಹುಡುಗೀದೇನಿದೆ ತಪ್ಪು?"

ಕಾರ್ವಿದನ್ ಮಡಿಲಲ್ಲಿದ್ದ ಟೋಪಿಯನ್ನು ತೆಗೆದು ತಲೆಗಿಟ್ಟುಕೊಂಡರು, ನಿಧಾನವಾಗಿ, ಎರಡೂ ಕೈಯಿಂದ. "ಯಾಕೋ ಗಾಳಿ ಬೀಸ್ತಿದೆ ಇಲ್ಲಿ," ಎಂದರು. ಕಿಟಕಿ ಮುಚ್ಚಿತ್ತು.

ಟಾಮಸಿನ್ ಗುರುತು ಹಾಕಿದಳು.

ಮನೆಗೆ ಸಂತೆಯ ನಡುವೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಅವಳು ಮೆಟ್ಟಿಲಿಳಿದು ಮೀನಿನ ಸಾಲು ದಾಟುವಷ್ಟರಲ್ಲಿ ಸಾರುವವನ ಗಂಟೆ ಮೊಳಗಿತು, ಗಂಡನ ಹೆಸರು ಕೇಳಿಸಿತು. ತಲೆ ತಗ್ಗಿಸಿ ನಡೆದರೂ ಜನ ದಾರಿ ಬಿಡಲಿಲ್ಲ.

"ಏನಮ್ಮ ಬಜೆಲಮ್ಮ, ಕೊಕ್ಕರೆ ಹಾರ್ಹೋಯ್ತಾ?" ಎಂದಳು ಮೀನಿನವಳು. "ನಮ್ಮ ಹತ್ರ ಮೀನಿದೆ, ಕರೀಲಾ ವಾಪಸ್ಸು?"

ಮನೆಯಲ್ಲಿ ಸಿಡ್ವೆಲ್ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಮದುವೆಯ ಹಾಸಿಗೆಗೆಂದು ಚಳಿಗಾಲವೆಲ್ಲ ಕಸೂತಿ ಹಾಕಿದ ಬಿಳಿ ದಿಂಬಿನ ಚೀಲ ತೊಡೆಯ ಮೇಲಿತ್ತು. ಸಾರುವವನ ದನಿ ಇಲ್ಲಿಗೂ ಕೇಳಿತ್ತು. ಸೂಜಿಯ ತುದಿಯಿಂದ ನೀಲಿ ರೇಷ್ಮೆಯನ್ನು ಎಳೆಯೆಳೆಯಾಗಿ ಬಿಡಿಸುತ್ತಿದ್ದಳು.

"ಅವ್ರಪ್ಪ ಅಲ್ಲಿದ್ರಾ ಅಮ್ಮ?"

"ಇದ್ರು."

"ಏನಂದ್ರು?"

"ಗಾಳಿ ಬೀಸ್ತಿದೆ ಅಂದ್ರು."

ಸಿಡ್ವೆಲ್ ಕೊನೆಯ ಎಳೆಯನ್ನು ಕಿತ್ತು, ಬಟ್ಟೆಯನ್ನು ಕೊಡವಿ, ಬೆಳಕಿಗೆ ಹಿಡಿದಳು. ದಾರವೆಲ್ಲ ಹೋಗಿತ್ತು. ಸೂಜಿ ಚುಚ್ಚಿದ ತೂತುಗಳು ಮಾತ್ರ ಹಾಗೇ ಇದ್ದವು. ಆ ಒಂಟಿಕಾಲು, ಕೊಕ್ಕು, ಉಂಗುರದೊಳಗಿಂದ ಬೆಳಕು ಬರುತ್ತಿತ್ತು.