ಮೂರನೇ ಮಹಡಿಯ ಎಕ್ಸ್‌ಟೆನ್ಷನ್ ಬಾಕ್ಸು

ನಾನು ಒಂದು ಎಕ್ಸ್‌ಟೆನ್ಷನ್ ಬಾಕ್ಸು. ನಾಲ್ಕು ಪಾಯಿಂಟು, ನಾಲ್ಕು ಸ್ವಿಚ್ಚು, ಒಂದು ಫ್ಯೂಸು, ಒಂದು ಕೆಂಪು ದೀಪ, ಹಿಂದೆ ಬಾಲದ ಹಾಗೆ ಐದು ಮೀಟರ್ ವೈರು. ನನ್ನ ಮೈ ಅಂದರೆ ಇಷ್ಟೇ. ಹುಟ್ಟಿದ್ದು ಹರಿಹರದ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿ ಏಳೆಂಟು ಹೆಂಗಸರು ಸಾಲಾಗಿ ಕೂತು ಹಿತ್ತಾಳೆ ತುಂಡುಗಳಿಗೆ ಸ್ಕ್ರೂ ಹಾಕುತ್ತಿದ್ದರು. ನನ್ನನ್ನು ಜೋಡಿಸಿದವಳು ಪಕ್ಕದವಳಿಗೆ ತನ್ನ ಸೊಸೆಯ ಮೇಲೆ ದೂರು ಹೇಳುತ್ತಾ ಜೋಡಿಸಿದಳು. ಅದಕ್ಕೇ ಏನೋ, ನನ್ನ ಮೂರನೇ ಪಾಯಿಂಟು ಹುಟ್ಟಿದಾಗಿನಿಂದ ಸ್ವಲ್ಪ ಸಡಿಲ.

ನನ್ನ ಜಾಗ ನೆಲ. ಮನುಷ್ಯರ ಮುಖ ನನಗೆ ಕಾಣುವುದು ಅಪರೂಪ. ಪಾದ ನೋಡಿ ಗುರುತು ಹಿಡಿಯುತ್ತೇನೆ.

ಮೊದಲ ಯಜಮಾನ ರುದ್ರಮುನಿಯಪ್ಪ. ದಾವಣಗೆರೆಯ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಮಡಚುವ ಟೇಬಲ್ಲು ಹಾಕಿಕೊಂಡು ಅರ್ಜಿ, ಅಫಿಡವಿಟ್ಟು ಟೈಪು ಮಾಡಿಕೊಡುತ್ತಿದ್ದ. ಟೀ ಅಂಗಡಿಯ ಕರೆಂಟು ನನ್ನ ಮೂಲಕ ಅವನ ಲ್ಯಾಪ್‌ಟಾಪಿಗೂ ಪ್ರಿಂಟರಿಗೂ ಹೋಗುತ್ತಿತ್ತು. ಮೂರು ವರ್ಷ ಧೂಳು ಕುಡಿದೆ, ಎರಡು ಸಲ ಚಹಾ ಕುಡಿದೆ. ಈಗ ಯೋಚಿಸಿದರೆ ಅದೇ ನನ್ನ ಒಳ್ಳೆಯ ಕಾಲ.

ಒಂದು ಬೆಳಿಗ್ಗೆ ಅವನ ತಂಗಿಯ ಮಗಳು ನಾಗವೇಣಿ ಬಂದಳು. ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ, ಒಂದರ ಉಂಗುಷ್ಠಕ್ಕೆ ಸೇಫ್ಟಿ ಪಿನ್ನು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಂದು ವಾಷಿಂಗ್ ಮಷೀನು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಮಷೀನು ಕೆಟ್ಟವರು ಫೋನು ಮಾಡಿದರೆ ಉತ್ತರ ಕೊಡುವ ಕೆಲಸ. ಒಂಬತ್ತು ವರ್ಷದ ಮಗಳು ಚಿನ್ಮಯಿಗೆ ತೊಡೆಯ ಮೂಳೆಯೊಳಗೆ ಕೀವಾಗಿತ್ತು. ಆರು ವಾರ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕು ಎಂದಿದ್ದರು.

"ರಜೆ ಎಲ್ಲಾ ಮುಗಿದಾವೆ ಮಾವ. ಕೆಲಸ ಬಿಟ್ರೆ ಕಂಪನಿ ಇನ್ಶೂರೆನ್ಸು ಅವತ್ತೇ ನಿಲ್ತೈತೆ. ಅದು ನಿಂತ್ರೆ ಪಾಪೂನ ಅರ್ಧಕ್ಕೇ ಮನೆಗೆ ಕರ್ಕೊಂಡು ಬರ್ಬೇಕು. ಅರ್ಧಕ್ಕೆ ಬಿಟ್ರೆ ಕಾಲು ಉಳಿಯಲ್ಲ ಅಂದ್ರು ಡಾಕ್ಟ್ರು."

ರುದ್ರಮುನಿಯಪ್ಪ ಪ್ರಿಂಟರಿನ ಸ್ವಿಚ್ಚು ಆರಿಸಿದ. ಆಮೇಲೆ, "ಹಂಗಾರೆ ಆಸ್ಪತ್ರೇಲೇ ಆಫೀಸು ಹೂಡು" ಅಂದ. "ಹದಿನೆಂಟು ವರ್ಷ ಬೀದೀಲಿ ಆಫೀಸು ನಡೆಸಿರೋನು ನಾನು, ಕೇಳಿಲ್ಲಿ. ಒಂದು ಬಿಳಿ ಚಾದರ, ನಾಲ್ಕು ಬಟ್ಟೆ ಕ್ಲಿಪ್ಪು ಇಟ್ಕೋ. ಹಿಂದೆ ಕಟ್ಟಿದ್ರೆ ಕ್ಯಾಮೆರಾದಾಗೆ ಮನೆ ಗೋಡೆ ಕಂಡಂಗೆ ಕಾಣ್ತೈತೆ. ತೊಡೆ ಮೇಲಿಡೋಕೆ ಒಂದು ಹಲಗೆ, ಇಲ್ಲಾಂದ್ರೆ ಲ್ಯಾಪ್‌ಟಾಪು ಕಾದು ಚರ್ಮ ಸುಡ್ತೈತೆ. ಎರಡು ಕಂಪನಿ ಸಿಮ್ಮು, ಒಂದು ಕೈ ಕೊಟ್ರೆ ಇನ್ನೊಂದು. ನೀರಿನ ಬಾಟ್ಲಿ ಬ್ಯಾಗಿನ ಹೊರಗಿರ್ಲಿ, ಒಳಗೆ ಬ್ಯಾಡ. ಮತ್ತೆ ಇದು." ಅಂದವನೇ ನನ್ನ ವೈರು ಸುತ್ತಿ ಅವಳ ಬ್ಯಾಗಿಗೆ ತುರುಕಿದ.

"ನಿಂಗೆ?"

"ನಾನು ಮರ ಬದಲಾಯಿಸ್ತೀನಿ ಬಿಡು."

ಹೀಗೆ ನಾನು ಆಸ್ಪತ್ರೆ ಸೇರಿದೆ. ಮೂರನೇ ಮಹಡಿ. ಕಾರಿಡಾರಿನ ಒಂದು ಕಡೆ ಮಕ್ಕಳ ವಾರ್ಡು, ಎದುರಿಗೆ ಗಂಡಸರ ವಾರ್ಡು. ನಡುವೆ ನೆಲದ ಮೇಲೆ ಚಾಪೆ ಹಾಸಿಕೊಂಡ ಇಪ್ಪತ್ತು ಮೂವತ್ತು ಜನ. ರೋಗಿಗಳ ಕಡೆಯವರು. ಇಷ್ಟು ಜನಕ್ಕೂ ಇದ್ದದ್ದು ಕುಡಿಯುವ ನೀರಿನ ಮಷೀನಿನ ಪಕ್ಕದ ಒಂದೇ ಪಾಯಿಂಟು. ನಾಗವೇಣಿ ನನ್ನನ್ನು ಅದಕ್ಕೆ ಸಿಕ್ಕಿಸಿದಳು. ಮೂಲೆಯಲ್ಲಿ ಚಾದರ ಕಟ್ಟಿದಳು. ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಸತ್ತಿತ್ತು. ನನ್ನಿಂದ ಕರೆಂಟು ಹರಿದರೆ ಮಾತ್ರ ಅದಕ್ಕೆ ಉಸಿರು. ಮೊದಲ ಪಾಯಿಂಟು ಅವಳದ್ದು, ಉಳಿದ ಮೂರು ಕಾರಿಡಾರಿಗೆ. ಎಲ್ಲರ ಫೋನೂ ಸರದಿಯಲ್ಲಿ ನನ್ನ ಹತ್ತಿರ ಬರುತ್ತಿತ್ತು.

ಅವಳು ಆಸ್ಪತ್ರೆಯಲ್ಲಿ ಕೂತು ಕೆಲಸ ಮಾಡುತ್ತಿರುವುದು ಕಂಪನಿಗೆ ಗೊತ್ತಿರಲಿಲ್ಲ. ಅವರ ನಿಯಮ ಒಂದಿತ್ತು. ಕೆಲಸದ ಹೊತ್ತಲ್ಲಿ ಹಿಂದೆ ಗಲಾಟೆ ಕೇಳಿಸಿದರೆ, ಕರೆ ಮಧ್ಯದಲ್ಲಿ ಕಡಿದರೆ, ಒಂದು ಕೆಂಪು ಗುರುತು. ಮೂರು ಗುರುತಾದರೆ ಕೆಲಸ ಇಲ್ಲ.

ನಾಲ್ಕನೇ ದಿನವೇ ಮೊದಲ ಗುರುತು ಬಿತ್ತು. ಅವಳು ಕೂತ ಜಾಗದ ಮೇಲೆ ಗೋಡೆಯಲ್ಲಿದ್ದ ಆಸ್ಪತ್ರೆಯ ಮೈಕು ಯಾರದೋ ಹೆಸರು ಕೂಗಿತು. "ಪಕ್ಕದ ಮನೆ ಗೃಹಪ್ರವೇಶ ಮೇಡಂ" ಎಂದು ಮೇಲಧಿಕಾರಿಗೆ ಸುಳ್ಳು ಹೇಳಿದಳು. ಗುರುತು ಹೋಗಲಿಲ್ಲ.

ಎರಡನೆಯದಕ್ಕೆ ಕಾರಣ ನಾನು. ನಾನು ಮತ್ತು ಕೆಂಚಮ್ಮ.

ಕೆಂಚಮ್ಮ ಜಗಳೂರು ಕಡೆಯವಳು. ಬಿರುಕುಬಿಟ್ಟ ಹಿಮ್ಮಡಿ, ಬೆಳ್ಳಿ ಕಾಲುಂಗುರ, ನಡೆದರೆ ನೆಲಕ್ಕೇ ಬೈಯುವಂಥ ನಡಿಗೆ. ಗಂಡ ತಿಪ್ಪೇಶಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆಯ ಅಟ್ಟಿ ಕುಸಿದು ಕೆಳಗೆ ಸಿಕ್ಕಿಕೊಂಡಿದ್ದ. ಎದುರಿನ ವಾರ್ಡಿನಲ್ಲಿ ಮಲಗಿದ್ದ. ಅವನಿಗೆ ಗಂಜಿ ಬಿಸಿ ಮಾಡೋಣ ಎಂದು ಯಾರದೋ ಕರೆಂಟು ಕೆಟಲ್ಲು ತಂದು ನನ್ನ ಮೂರನೇ ಪಾಯಿಂಟಿಗೆ ಚುಚ್ಚಿದಳು. ನನ್ನ ಫ್ಯೂಸು ಚಟ್ಟೆಂದಿತು. ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಮೈಸೂರಿನ ಒಬ್ಬ ಗಿರಾಕಿ ಅರ್ಧ ಮಾತಿನಲ್ಲಿ ಕಡಿದುಹೋದ.

ನಾಗವೇಣಿ ಬೈಯಲಿಲ್ಲ. ಹಲಗೆ ಪಕ್ಕಕ್ಕಿಟ್ಟು ಚಾದರದ ಹಿಂದೆ ಹೋಗಿ ಗೋಡೆಗೆ ಹಣೆಯೊತ್ತಿ ನಿಂತಳು. ಕೆಂಚಮ್ಮ ಹಿಂದೆಯೇ ಹೋದಳು.

"ಏನಾತು ಮೇಡಮ್ಮ? ಪೆಟ್ಟಿಗಿ ಕೆಟ್ಟಿದ್ರೆ ಹೊಸಾದು ತಂದ್ಕೊಡ್ತೀನಿ ತಗಾ."

ನಾಗವೇಣಿ ಎಲ್ಲ ಹೇಳಿದಳು. ಗುರುತು, ಕೆಲಸ, ಇನ್ಶೂರೆನ್ಸು, ಮಗಳ ಕಾಲು. ಇನ್ನು ಒಂದೇ ಒಂದು ಸದ್ದು ಸಾಕು ಎಂದಳು.

ನನಗೆ ಹೊಸ ಫ್ಯೂಸು ಬಿತ್ತು. ಅವತ್ತಿನಿಂದ ಕಾರಿಡಾರಿನ ಕಾಯಿದೆ ಕೆಂಚಮ್ಮನದು. ನಾಗವೇಣಿ ಎಡಗೈ ಮೇಲೆತ್ತಿದರೆ ಕರೆ ಬಂದಿದೆ ಎಂದು ಅರ್ಥ. ಆಗ ಯಾರೂ ಉಸಿರೆತ್ತುವಂತಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ. ಮೈಕಿನ ಬಾಯಿಗೆ ಹಳೇ ಸೀರೆ ತುರುಕಿಸಿದಳು. ಕೆಮ್ಮು ಬಂದ ಮುದುಕನನ್ನು ರಟ್ಟೆ ಹಿಡಿದು ಮೆಟ್ಟಿಲ ಹತ್ತಿರ ಬಿಟ್ಟುಬಂದಳು. "ಕೆಮ್ಮೋದಿದ್ರೆ ಎರಡನೇ ಮಹಡಿಗೆ ಹೋಗಿ ಕೆಮ್ಮು ಯಜ್ಜಾ, ನಮ್ದು ಆಫೀಸೈತೆ ಇಲ್ಲಿ!" ಕರೆ ಮುಗಿದ ಮೇಲೆ ನಾಗವೇಣಿಯನ್ನೂ ಬಿಡುತ್ತಿರಲಿಲ್ಲ. "ನಮ್ ಸಂಘದ ಮೀಟಿಂಗು ವಾರಕ್ಕೊಂದು. ನಿಂದೇನು ಮೇಡಮ್ಮ, ದಿನಕ್ಕೆ ನಲವತ್ತು! ಒಂದು ಬಟ್ಟೆ ಕೈಯಾಗೆ ಒಕ್ಕೊಳ್ಳಾಕೆ ಬರಲ್ವಾ ಆ ಜನಕ್ಕೆ?"

ನಾಗವೇಣಿ ನಕ್ಕಿದ್ದನ್ನು ನಾನು ಕೇಳಿದ್ದು ಆಗ ಮಾತ್ರ.

ಹಗಲೆಲ್ಲ ಅವಳ ಕಾಲು ನನ್ನ ಪಕ್ಕದಲ್ಲೇ ಇರುತ್ತಿತ್ತು. ಬಾಯಿ ನಯವಾಗಿ ಮಾತಾಡುತ್ತಿದ್ದರೂ ಕಾಲ್ಬೆರಳು ಚಾಪೆ ಕೆದರುತ್ತಿತ್ತು. ಕರೆಯ ನಡುವೆ ಐದು ನಿಮಿಷ ಸಿಕ್ಕರೆ ಮಗಳ ಹತ್ತಿರ ಓಡುತ್ತಿದ್ದಳು. ಒಳಗಿಂದ ಚಿನ್ಮಯಿ, "ಈಗ ಬಂದೆ, ಈಗ್ಲೇ ಹೋಗ್ತೀಯಾ?" ಅನ್ನುವುದು ನನಗೂ ಕೇಳುತ್ತಿತ್ತು. ಮಾವನ ಮನೆಯಿಂದ ಬರುತ್ತಿದ್ದ ಊಟದ ಡಬ್ಬಿ ಎಷ್ಟೋ ದಿನ ಮುಚ್ಚಿದ ಹಾಗೆಯೇ ವಾಪಸು ಹೋಯಿತು.

ಐದನೇ ವಾರದ ಬುಧವಾರ, ಮಧ್ಯಾಹ್ನ ಮೂರು ಗಂಟೆ. ಅವಳ ಕೆಲಸ ಪರೀಕ್ಷೆ ಮಾಡುವ ದಿನ. ಮೇಲಧಿಕಾರಿಗಳು ಕದ್ದು ಕೇಳುತ್ತಿರುತ್ತಾರೆ, ಕ್ಯಾಮೆರಾ ಆನ್ ಇರಬೇಕು ಎಂದು ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದಳು. ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕಕ್ಕೆ ಚಾಚಿದ ಕೈ ಮೇಲೆ ಹೋಯಿತು. ಕಾರಿಡಾರು ನಿಶ್ಶಬ್ದವಾಯಿತು.

ಎದುರಿನ ವಾರ್ಡಿನ ಬಾಗಿಲು ತೆರೆದು ಸಿಸ್ಟರ್ ಕೆಂಚಮ್ಮನಿಗೆ ಸನ್ನೆ ಮಾಡಿದಳು. ಕೆಂಚಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಆ ಕಾಲು ನೋಡಿದ ಕೂಡಲೇ ತಿಪ್ಪೇಶಪ್ಪ ಇನ್ನಿಲ್ಲ ಎಂದು ನನಗೆ ತಿಳಿಯಿತು. ಎಲ್ಲಿ ಊರಬೇಕೆಂದು ಮರೆತ ಕಾಲು. ಬಾಗಿಲಲ್ಲಿ ನಿಂತಳು. ಎದೆಯಿಂದ ಏನೋ ಮೇಲೆ ಬಂತು, ಗಂಟಲಿನವರೆಗೂ ಬಂತು.

ಆಗ ನಾಗವೇಣಿಯ ಎತ್ತಿದ ಕೈ ಕಂಡಿತು.

ಕೆಂಚಮ್ಮ ಸೆರಗನ್ನು ಉಂಡೆ ಮಾಡಿ ಬಾಯೊಳಗೆ ತುರುಕಿಕೊಂಡಳು. ಗೋಡೆ ಹಿಡಿದು ಬಂದು ನನ್ನ ಪಕ್ಕದಲ್ಲೇ ಕುಸಿದಳು. ಅವಳ ಮಂಡಿಯ ಕೆಳಗೆ ನನ್ನ ವೈರು ಸಿಕ್ಕಿತ್ತು. ಅವಳ ಮೈ ನಡುಗಿದ ಹಾಗೆ ವೈರು ನಡುಗುತ್ತಿತ್ತು. ಯಾರೋ ಒಬ್ಬಳು ಅವಳ ಬೆನ್ನ ಮೇಲೆ ಕೈಯಿಟ್ಟಳು. ಯಾರೂ ಮಾತಾಡಲಿಲ್ಲ. ಕಾಯಿದೆ ಮಾಡಿದವಳೇ ಮುರಿಯದಿರುವಾಗ ಬೇರೆ ಯಾರು ಮುರಿಯುತ್ತಾರೆ?

ನಾಗವೇಣಿ ನೋಡಲಿಲ್ಲ ಎಂದು ನಾನು ಹೇಳಲಾರೆ. ನೋಡಿದಳು. ಅವಳ ಕಾಲ್ಬೆರಳು ಐದೂ ಒಳಕ್ಕೆ ಮಡಚಿಕೊಂಡು ಬಿಳಿಚಿದವು. ದನಿ ಮಾತ್ರ ಒಂದೆಳೆ ಅಲುಗಲಿಲ್ಲ. "ನಿಮ್ಮ ಮಷೀನಿನ ಮಾಡೆಲ್ ನಂಬರ್ ಹೇಳ್ತೀರಾ ಸರ್? ನಿಧಾನವಾಗಿ ನೋಡಿ ಹೇಳಿ, ನಾನು ಕಾಯ್ತೀನಿ."

ನನ್ನ ಜನ್ಮದಲ್ಲಿ ಮೊದಲ ಸಲ ಕೆಟ್ಟುಹೋಗಬೇಕು ಅನ್ನಿಸಿತು. ಗಂಜಿಯ ಕೆಟಲ್ಲಿಗೆ ಹಾರಿದ ಫ್ಯೂಸು ಈಗ ಹಾರಬಾರದೇ? ಕರೆಂಟು ಹೋಗಿದ್ದರೆ ಅವಳ ಕೆಲಸ ಹೋಗುತ್ತಿತ್ತು, ಮಗುವಿನ ಕಾಲು ಹೋಗುತ್ತಿತ್ತು. ಅದೂ ನನಗೆ ಗೊತ್ತಿತ್ತು. ಆದರೂ ಹಾರಲಿ ಅಂದುಕೊಂಡೆ. ಹಾರಲಿಲ್ಲ. ಅವತ್ತು ನನ್ನ ಸಡಿಲ ಪಾಯಿಂಟು ಕೂಡ ಗಟ್ಟಿಯಾಗಿ ನಿಂತಿತ್ತು.

ಹನ್ನೊಂದು ನಿಮಿಷ.

ಕೈ ಕೆಳಗಿಳಿಯಿತು. ಹೆಡ್‌ಫೋನು ಕೆಳಗೆ ಬಿತ್ತು. ಕೆಂಚಮ್ಮ ಬಾಯಿಂದ ಸೆರಗು ತೆಗೆದಳು. ಎಂಜಲಲ್ಲಿ ನೆಂದು ಹಗ್ಗದ ಹಾಗಾಗಿತ್ತು.

"ಮುಗೀತಾ ಮೇಡಮ್ಮ?"

ನಾಗವೇಣಿ ತಲೆಯಾಡಿಸಿದಳು.

ಆಮೇಲೆ ಕೆಂಚಮ್ಮ ಅತ್ತಳು. ಆ ಅಳುವಿಗೆ ಕೆಳಗಿನ ಮಹಡಿಯಿಂದಲೂ ಜನ ಓಡಿ ಬಂದರು. ನಾಗವೇಣಿ ಹತ್ತಿರ ಹೋಗಲು ಎದ್ದಳು, ಎರಡು ಹೆಜ್ಜೆ ಇಟ್ಟಳು, ಮುಂದೆ ಹೋಗಲು ಅವಳಿಂದ ಆಗಲಿಲ್ಲ. ಅಷ್ಟರಲ್ಲಿ ಮತ್ತೊಂದು ಕರೆ ಬಂತು. ಅವಳು ತೆಗೆದುಕೊಳ್ಳಲಿಲ್ಲ, ಲ್ಯಾಪ್‌ಟಾಪು ತಾನೇ ಬಡಿದುಕೊಂಡು ಸುಮ್ಮನಾಯಿತು.

ಮೂರನೇ ಗುರುತು ಬೀಳಲಿಲ್ಲ. ಶುಕ್ರವಾರ ಕಂಪನಿಯಿಂದ ಪತ್ರ ಬಂತು. ಹಿನ್ನೆಲೆ ಬಹಳ ಶಾಂತವಾಗಿತ್ತು ಎಂದು ಹೊಗಳಿದ್ದರಂತೆ. ಪಕ್ಕದ ಚಾಪೆಯವಳು ಓದಿಸಿಕೊಂಡು ಕೇಳಿ ಒಳ್ಳೇದಾತು ಬಿಡು ಅಂದಳು. ನಾಗವೇಣಿ ಲ್ಯಾಪ್‌ಟಾಪು ಮುಚ್ಚಿದಳು.

ಚಿನ್ಮಯಿಯ ಆರು ವಾರ ಮುಗಿಯಿತು. ವಾಕರ್ ಹಿಡಿದು ಕಾರಿಡಾರಿಗೆ ಬಂದಳು. ಎರಡು ಕಾಲೂ ಇದ್ದವು. ನಾಗವೇಣಿ ಚಾದರ ಬಿಚ್ಚಿದಳು, ಹಲಗೆ, ಸಿಮ್ಮು, ಬಾಟಲಿ ಎಲ್ಲ ಬ್ಯಾಗಿಗೆ ತುಂಬಿದಳು. ಕೊನೆಗೆ ಬಗ್ಗಿ ನನ್ನ ವೈರು ಸುತ್ತತೊಡಗಿದಳು. ಅರ್ಧ ಸುತ್ತಿದವಳು ಮತ್ತೆ ಬಿಚ್ಚಿ ಗೋಡೆಗೇ ಸಿಕ್ಕಿಸಿ ಹೊರಟುಹೋದಳು.

ಈಗ ನಾನು ಯಾರದೂ ಅಲ್ಲ. ಕೆಂಪು ದೀಪ ಆರಿ ಬಹಳ ದಿನವಾಯಿತು. ಎರಡು ಪಾಯಿಂಟು ಸುಟ್ಟು ಕಪ್ಪಾಗಿವೆ. ಉಳಿದ ಎರಡರಲ್ಲಿ ಜನ ಫೋನು ಚಾರ್ಜು ಮಾಡುತ್ತಾರೆ, ಗಟ್ಟಿಯಾಗಿ ಮಾತಾಡುತ್ತಾರೆ, ಜಗಳ ಆಡುತ್ತಾರೆ, ಅಳು ಬಂದರೆ ಅಳುತ್ತಾರೆ. ನಾನು ಲೆಕ್ಕ ಹಾಕಿ ನೋಡಿದ್ದೇನೆ. ಅವತ್ತು ತಪ್ಪು ಮಾಡಿದವರು ಯಾರು ಎಂದು ಹುಡುಕಿದರೆ ನನಗೆ ಯಾರೂ ಸಿಗುವುದಿಲ್ಲ. ಸಿಕ್ಕಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಹೋದ ತಿಂಗಳು ತಾಯಿ ಮಗಳಿಬ್ಬರೂ ಡಾಕ್ಟರಿಗೆ ತೋರಿಸಿಕೊಂಡು ಹೋಗಲು ಬಂದಿದ್ದರು. ಚಿನ್ಮಯಿ ಕುಣಿಯುತ್ತಾ ಬಂದವಳು ನನ್ನ ಮುಂದೆ ಗಕ್ಕನೆ ನಿಂತಳು.

"ಅಮ್ಮಾ, ನಮ್ ಬಾಕ್ಸು! ಇಲ್ಲೇ ಮರ್ತು ಹೋಗಿದ್ವಿ ನೋಡು."

ನಾಗವೇಣಿಯ ಕಾಲು ನಿಂತಿತು. ಹೊಸ ಚಪ್ಪಲಿ. ಒಳಗಿನ ಬೆರಳು ನಿಧಾನಕ್ಕೆ ಮಡಚಿಕೊಂಡವು.

"ನಮ್ದಲ್ಲ ಅದು" ಅಂದಳು. "ನಡಿ ಪುಟ್ಟಾ."